ಏ ತಮ್ಮಾ, ನಿನ್ನ ಲೈಟ್ ಹತ್ತೈತಿ!

ನನ್ನ ಸೈಕಲ್ ನೋಡಿದವರಿಗೆ ಈಗಾಗಲೇ ಗೊತ್ತಿರಬಹುದು. ಹಿಂದೆ ಕ್ಯಾರಿಯರ್‌ಗೆ ಒಂದು ಕೆಂಪು ಲೈಟ್ ಕಟ್ಟಿದೀನಿ, ಮುಂದೆ ಹ್ಯಾಂಡಲ್‌ಗೆ ಒಂದು ಬಿಳಿ ಲೈಟ್. ಎರಡೂ ಬೆಳಗ್ಗೆ ಒಂಬತ್ತು ಗಂಟೆ ಬಿಸಿಲಲ್ಲೂ ಮಿನುಗ್ತಾ ಇರುತ್ತವೆ. ಈ ಸೆಮಿಸ್ಟರ್ ಶುರುವಾದಾಗಿನಿಂದ ಹಾಸ್ಟೆಲ್ ದಾರಿಯಲ್ಲಿ ನನ್ನನ್ನ ನಿಲ್ಲಿಸಿ ‘ಬ್ರೋ, ಲೈಟ್ ಆನ್ ಇದೆ’ ಅಂದವರ ಲೆಕ್ಕ ಇಡೋದನ್ನೇ ಬಿಟ್ಟುಬಿಟ್ಟೆ. ಒಬ್ಬ ಸೀನಿಯರ್ ‘ಚಾರ್ಜ್ ಜಾಸ್ತಿ ಆಗಿದ್ರೆ ನನ್ನ ಮೊಬೈಲ್‌ಗೆ ಕೊಡಪ್ಪಾ’ ಅಂದ್ರು. ರೂಮ್‌ಮೇಟ್ ಅಂತೂ ಸೈಕಲ್‌ಗೆ ‘ಆಂಬುಲೆನ್ಸ್’ ಅಂತ ನಾಮಕರಣ ಮಾಡಿದಾನೆ.

ಎಲ್ಲರಿಗೂ ಒಂದೇ ಸಲ ಉತ್ತರ ಕೊಟ್ಟುಬಿಡೋಣ ಅಂತ ಈ ಲೇಖನ. ಲೈಟ್ ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಹಚ್ಚಿದ್ದು. ಸೈಕಲ್ ತುಳಿಯೋ ಪ್ರತಿಯೊಬ್ಬರೂ ಹಗಲಲ್ಲೂ ಹಚ್ಚಬೇಕು ಅನ್ನೋದು ನನ್ನ ವಾದ. (ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಎಲ್ಲಾದರೂ ಕನ್ನಡದ ಚೈನ್ ಕಳಚಿಬಿದ್ದರೆ ಕ್ಲಬ್‌ನವರು ಕ್ಷಮಿಸಬೇಕು.)

ಮೊದಲು ಇದು ಶುರುವಾಗಿದ್ದು ಹೇಗೆ ಅಂತ ಹೇಳ್ತೀನಿ.

ನಮ್ಮೂರು ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ. ಬೆಳಗಾವಿಯಿಂದ ಸಂಕೇಶ್ವರದ ಕಡೆ ಹೋಗುವಾಗ ಪುಣೆ-ಬೆಂಗಳೂರು ಹೈವೇಯಲ್ಲಿ ಸಿಗುತ್ತೆ. ಹೈವೇಗೆ ಈಗ 48 ಅಂತ ನಂಬರ್ ಇದ್ದರೂ ಊರಿನ ಹಿರಿಯರ ಬಾಯಲ್ಲಿ ಅದು ಇನ್ನೂ ‘ಎನ್‌ಎಚ್ ಫೋರ್’. ಹೈವೇಯಲ್ಲಿ ಲಾರಿ, ಕಾರು ತಮ್ಮ ಪಾಡಿಗೆ ಹಾರ್ತಾ ಇರುತ್ತವೆ. ಒಳಗಿನ ರೋಡ್‌ಗಳಲ್ಲಿ ಕಬ್ಬಿನ ಸೀಜನ್ ಬಂತು ಅಂದ್ರೆ ಎರಡೆರಡು ಟ್ರೇಲರ್ ಎಳೆದುಕೊಂಡು, ಸ್ಪೀಕರ್‌ನಲ್ಲಿ ಹಾಡು ಹಾಕ್ಕೊಂಡು ಟ್ರ್ಯಾಕ್ಟರ್‌ಗಳ ಸಾಲು. ಇವೆಲ್ಲದರ ಮಧ್ಯೆ ಹಾಲಿನ ಕ್ಯಾನ್ ನೇತುಹಾಕಿಕೊಂಡವರು, ಮೇವಿನ ಹೊರೆ ಹೊತ್ತವರು, ಹೈಸ್ಕೂಲ್ ಮಕ್ಕಳು, ಎಲ್ಲರೂ ಸೈಕಲ್ ಮೇಲೆ.

ಹೋದ ಜನವರಿಯಲ್ಲಿ ರಜೆಗೆ ಊರಿಗೆ ಹೋಗಿದ್ದೆ. ಒಂದು ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹಿಡಕಲ್ ಡ್ಯಾಂ ಕಡೆ ಸೈಕಲ್ ತಗೊಂಡು ಹೊರಟೆ. ಬೂದಿ ಬಣ್ಣದ ಟೀ ಶರ್ಟ್, ಕಪ್ಪು ಬ್ಯಾಗು. ರೋಡ್ ಖಾಲಿ, ಬಿಸಿಲು ಚುರುಕಾಗಿತ್ತು, ಎಡಬಲಕ್ಕೆ ಮರಗಳಿದ್ದ ಕಡೆ ಮಾತ್ರ ನೆರಳು. ನಾನು ಎಡಗಡೆ ಅಂಚಿನಲ್ಲೇ ಹೋಗ್ತಾ ಇದ್ದೆ. ಹಿಂದಿನಿಂದ ಒಮ್ಮೆಲೇ ಬ್ರೇಕ್ ಚೀರಿದ ಸದ್ದು. ತಿರುಗಿ ನೋಡೋ ಹೊತ್ತಿಗೆ ಒಂದು ಪಿಕಪ್ ಗಾಡಿ ನನ್ನ ಪಕ್ಕ ಓರೆಯಾಗಿ ಬಂದು ನಿಂತಿತ್ತು. ಕೈ ಚಾಚಿದರೆ ಬಾನೆಟ್ ಸಿಗೋಷ್ಟು ಹತ್ತಿರ. ಗಾಬರಿಯಲ್ಲಿ ಹ್ಯಾಂಡಲ್ ತಿರುಗಿಸಿ ರೋಡಿನಿಂದ ಕೆಳಗೆ ಮಣ್ಣಿಗೆ ಬಿದ್ದೆ. ಮೊಣಕೈ ತರಚಿತು, ಅಷ್ಟೇ.

ಡ್ರೈವರ್ ಇಳಿದು ಬಂದರು. ನಮ್ಮಪ್ಪನ ವಯಸ್ಸು. ಬೈತಾರೆ ಅಂದುಕೊಂಡೆ. ಅವರ ಕೈ ನನ್ನ ಕೈಗಿಂತ ಜಾಸ್ತಿ ನಡುಗ್ತಾ ಇತ್ತು. ‘ತಮ್ಮಾ, ದೇವರಾಣಿ ನೀ ಕಂಡೇ ಇಲ್ಲೋ. ಎಲ್ಲಿಂದ ಬಂದಿ ಗೊತ್ತಾಗ್ಲೇ ಇಲ್ಲ’ ಅಂದರು. ಸೈಕಲ್ ಎತ್ತಿ ನಿಲ್ಲಿಸಿದರು, ಬಾಟಲಿಯಿಂದ ನೀರು ಕೊಟ್ಟರು, ಹೊರಡುವಾಗಲೂ ಮತ್ತೆ ಅದೇ ಮಾತು: ‘ಕಂಡೇ ಇಲ್ಲ.’

ಮನೆಗೆ ಬಂದ ಮೇಲೆ ನನಗೆ ಸಿಟ್ಟು ಬಂತು. ಹಾಡಹಗಲು ಹನ್ನೊಂದು ಗಂಟೆಗೆ ಆರಡಿ ಹುಡುಗ ಕಾಣಲ್ಲ ಅಂದ್ರೆ ಏನರ್ಥ? ಮೊಬೈಲ್ ನೋಡ್ತಿದ್ದಿರಬೇಕು ಅಂದುಕೊಂಡೆ. ಆದರೆ ಎರಡು ದಿನ ಬಿಟ್ಟು ಚಿಕ್ಕಪ್ಪನ ಟೆಂಪೋದಲ್ಲಿ ಮುಂದೆ ಕೂತು ಅದೇ ರೋಡಿನಲ್ಲಿ ಹೋದೆ. ಆಗ ಗೊತ್ತಾಯ್ತು. ಬಿಸಿಲಿನ ರೋಡು ಬೆಳ್ಳಗೆ ಹೊಳೀತಾ ಇರುತ್ತೆ, ಮುಂದಿನ ಮರಗಳ ನೆರಳು ಒಂದು ಕಪ್ಪು ತೇಪೆ ಹಾಗೆ ಕಾಣುತ್ತೆ. ಆ ತೇಪೆಯೊಳಗೆ ಯಾರೂ ಇಲ್ಲ ಅನ್ನಿಸುತ್ತೆ. ಹತ್ತಿರ ಹೋದ ಮೇಲೆ ಇದ್ದಕ್ಕಿದ್ದಂತೆ ಅಲ್ಲೊಬ್ಬ ಸೈಕಲ್‌ನವನು ಹುಟ್ಟಿಬರ್ತಾನೆ. ನಾನೇ ಎರಡು ಸಲ ‘ಕಾಕಾ, ಸೈಕಲ್!’ ಅಂತ ಕೂಗಿದೆ. ಕಾಕಾ ‘ಕಂಡೀನೋ ಮಾರಾಯ’ ಅಂದರು, ಆದರೆ ಅವರೂ ಬ್ರೇಕ್ ಒತ್ತಿದ್ದು ನಾನು ಕೂಗಿದ ಮೇಲೆಯೇ.

ಆ ಪಿಕಪ್ ಡ್ರೈವರ್ ಸುಳ್ಳು ಹೇಳಿರಲಿಲ್ಲ. ನಾನು ನಿಜವಾಗಲೂ ಕಂಡಿರಲಿಲ್ಲ.

ನಾವೆಲ್ಲ ಮಾಡೋ ತಪ್ಪು ಇಲ್ಲೇ ಇದೆ. ಲೈಟ್ ಅಂದ್ರೆ ದಾರಿ ಕಾಣೋಕೆ ಅಂದುಕೊಂಡಿದೀವಿ. ರಾತ್ರಿ ಮುಂದಿನ ಲೈಟ್‌ಗೆ ಆ ಕೆಲಸ ಇದೆ, ನಿಜ. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ: ನಾವು ಬೇರೆಯವರಿಗೆ ಕಾಣೋದು. ಹಿಂದಿನ ಕೆಂಪು ಲೈಟ್‌ಗಂತೂ ಇರೋದು ಇದೊಂದೇ ಕೆಲಸ. ಆ ಕೆಲಸ ಸೂರ್ಯ ಹುಟ್ಟಿದ ತಕ್ಷಣ ಮುಗಿಯಲ್ಲ.

ಸ್ವಲ್ಪ ಲೆಕ್ಕ ಮಾಡೋಣ, ನಾವು ಇಂಜಿನಿಯರಿಂಗ್‌ನವರಲ್ವಾ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತೆ. 15 ಕಿ.ಮೀ. ವೇಗದ ಸೈಕಲ್ ಸುಮಾರು 4 ಮೀಟರ್. ಅಂದ್ರೆ ನಮ್ಮಿಬ್ಬರ ನಡುವಿನ ಅಂತರ ಸೆಕೆಂಡಿಗೆ 18 ಮೀಟರ್‌ನಂತೆ ಕಮ್ಮಿ ಆಗ್ತಾ ಇರುತ್ತೆ. ಡ್ರೈವರ್‌ಗೆ ನಾವು 40 ಮೀಟರ್ ದೂರದಲ್ಲಿ ಕಂಡರೆ ಅವರ ಕೈಯಲ್ಲಿ ಇರೋದು ಎರಡು ಸೆಕೆಂಡು ಚಿಲ್ಲರೆ. ಅಷ್ಟರಲ್ಲಿ ಇದು ಸೈಕಲ್ ಅಂತ ಗುರುತು ಹಿಡಿಯಬೇಕು, ಎದುರಿಂದ ಗಾಡಿ ಬರ್ತಿದೆಯಾ ನೋಡಬೇಕು, ಬ್ರೇಕಾ ಸ್ಟೀರಿಂಗಾ ಅಂತ ತೀರ್ಮಾನ ಮಾಡಬೇಕು, ಆಮೇಲೆ ಕಾಲು ಎತ್ತಬೇಕು. ಅದೇ 150 ಮೀಟರ್ ದೂರದಿಂದ ಕಂಡರೆ ಎಂಟು ಸೆಕೆಂಡು ಸಿಗುತ್ತೆ. ಎಂಟು ಸೆಕೆಂಡಿನಲ್ಲಿ ಯಾವ ಡ್ರೈವರ್ ಬೇಕಾದರೂ ಆರಾಮಾಗಿ ಸ್ಪೀಡ್ ಕಮ್ಮಿ ಮಾಡಿ ಪಕ್ಕಕ್ಕೆ ಸರಿದು ಹೋಗ್ತಾರೆ. ಲೈಟ್ ಕೊಡೋದು ಈ ಆರು ಸೆಕೆಂಡು. ಬ್ರೇಕ್ ಚೆನ್ನಾಗಿದ್ದೂ ಉಪಯೋಗಕ್ಕೆ ಬರದೆ ಹೋಗೋದು ಈ ಆರು ಸೆಕೆಂಡು ಸಿಗದೇ ಇದ್ದಾಗ.

ಇನ್ನೊಂದು ವಿಷಯ. ಹಿಂದಿನಿಂದ ನೋಡಿದರೆ ಸೈಕಲ್ ಅಂದ್ರೆ ಒಂದು ಸಣ್ಣ ಲಂಬ ಗೆರೆ ಅಷ್ಟೇ. ನಮ್ಮ ದಿಕ್ಕಿನಲ್ಲೇ ಬರ್ತಿರೋ ಡ್ರೈವರ್ ಕಣ್ಣಿಗೆ ಆ ಗೆರೆ ಎಡಕ್ಕೂ ಹೋಗಲ್ಲ, ಬಲಕ್ಕೂ ಹೋಗಲ್ಲ, ಇದ್ದಲ್ಲೇ ನಿಧಾನಕ್ಕೆ ದೊಡ್ಡದಾಗುತ್ತೆ. ತುಂಬಾ ಹತ್ತಿರ ಬಂದ ಮೇಲೆ ಮಾತ್ರ ಒಮ್ಮೆಲೇ ದೊಡ್ಡದಾಗುತ್ತೆ. ನಮ್ಮ ಕಣ್ಣು ಬದಲಾವಣೆಯನ್ನ ಬೇಗ ಹಿಡಿಯುತ್ತೆ, ಇದ್ದ ಹಾಗೇ ಇರೋದನ್ನ ಬಿಟ್ಟುಬಿಡುತ್ತೆ. ಮಿನುಗೋ ಲೈಟ್ ಆ ಗೆರೆಗೆ ಒಂದು ಬದಲಾವಣೆ ಸೇರಿಸುತ್ತೆ.

‘ಹಗಲು ಲೈಟ್ ಹಚ್ಚೋದು ವಿದೇಶದ ಫ್ಯಾಷನ್’ ಅನ್ನೋರಿಗೆ ಒಂದು ನೆನಪು ಮಾಡಿಕೊಡ್ತೀನಿ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳಿಗೆ ಎಎಚ್ಒ ಕಡ್ಡಾಯ. ಇಂಜಿನ್ ಶುರುವಾದ ಕೂಡಲೇ ಹೆಡ್‌ಲೈಟ್ ತಾನಾಗಿ ಹತ್ತಬೇಕು, ಆರಿಸೋಕೆ ಸ್ವಿಚ್ಚೇ ಇರಬಾರದು. ನಾವಾಗ ಸಣ್ಣವರು. ಆದರೂ ನೆನಪಿದೆ, ಹೊಸ ಬೈಕ್ ತಗೊಂಡವರು ರೋಡಿಗೆ ಇಳಿದರೆ ಎದುರು ಬಂದವರೆಲ್ಲ ಕೈ ಬೆರಳು ಮುಚ್ಚಿ ಬಿಚ್ಚಿ ಸನ್ನೆ ಮಾಡ್ತಿದ್ದರು: ಲೈಟ್ ಹತ್ತೈತಿ, ಲೈಟ್ ಹತ್ತೈತಿ! ಬೈಕಿನವರು ತಲೆ ಅಲ್ಲಾಡಿಸಿ ಅಲ್ಲಾಡಿಸಿ ಸುಸ್ತಾಗಿದ್ದರು. ಈಗ ಆ ಸನ್ನೆ ಯಾರು ಮಾಡ್ತಾರೆ? ಅಭ್ಯಾಸ ಆಗಿಹೋಯ್ತು. ಸ್ವೀಡನ್‌ನಲ್ಲಿ 1977ರಿಂದಲೇ ಕಾರುಗಳು ಹಗಲೂ ಲೈಟ್ ಹಚ್ಚಬೇಕು ಅಂತ ಕಾನೂನಿದೆ. ಯುರೋಪಿನಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಹಗಲಿನ ಲೈಟ್ ಕಡ್ಡಾಯ.

ಈಗ ನಮ್ಮ ರೋಡ್ ನೋಡಿ. ಬೈಕಿಗೆ ಲೈಟ್, ಸ್ಕೂಟಿಗೆ ಲೈಟ್, ಹೊಸ ಕಾರುಗಳಿಗೂ ಬರ್ತಾ ಇದೆ. ಎಲ್ಲರಿಗಿಂತ ನಿಧಾನ, ಎಲ್ಲರಿಗಿಂತ ಸಣ್ಣ, ಗುದ್ದಿದರೆ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನೋ ಸೈಕಲ್‌ಗೆ ಮಾತ್ರ ಏನೂ ಇಲ್ಲ. ಅದಕ್ಕಿಂತ ಮುಖ್ಯ, ಡ್ರೈವರ್‌ಗಳ ಕಣ್ಣು ಈಗ ಲೈಟ್ ಹುಡುಕೋಕೆ ಪಳಗಿಬಿಟ್ಟಿದೆ. ಲೈಟ್ ಇದ್ದರೆ ಗಾಡಿ ಇದೆ, ಇಲ್ಲದಿದ್ದರೆ ರೋಡ್ ಖಾಲಿ. ಹತ್ತು ವರ್ಷದ ಹಿಂದಿಗಿಂತ ಈಗ ಲೈಟಿಲ್ಲದ ಸೈಕಲ್ ಇನ್ನೂ ಹೆಚ್ಚು ಮರೆಯಾಗ್ತಾ ಇದೆ ಅಂತ ನನಗನ್ನಿಸುತ್ತೆ.

ಇದರಿಂದ ನಿಜವಾಗಲೂ ಏನಾದರೂ ಉಪಯೋಗ ಇದೆಯಾ? ಡೆನ್ಮಾರ್ಕಿನ ಓಡೆನ್ಸ್ ಅನ್ನೋ ಊರಿನಲ್ಲಿ 2004-05ರಲ್ಲಿ ಒಂದು ಪ್ರಯೋಗ ನಡೆಯಿತು. 3,845 ಸೈಕಲ್ ಸವಾರರನ್ನ ಎರಡು ಗುಂಪು ಮಾಡಿದರು. 1,845 ಜನರ ಸೈಕಲ್‌ಗೆ ಹಗಲೂ ರಾತ್ರಿ ಉರಿಯೋ ಲೈಟ್ ಹಾಕಿದರು, 2,000 ಜನರಿಗೆ ಹಾಕಲಿಲ್ಲ. ಒಂದು ವರ್ಷ ಇಬ್ಬರ ಲೆಕ್ಕವನ್ನೂ ಇಟ್ಟರು. ಗಾಯ ಆದ ಅಪಘಾತಗಳ ಪ್ರಮಾಣ ಲೈಟ್ ಇದ್ದ ಗುಂಪಿನಲ್ಲಿ ಶೇ. 19ರಷ್ಟು ಕಡಿಮೆ ಇತ್ತು. ಇದರಲ್ಲಿ ಕೊರತೆಯೂ ಇದೆ. ಅಪಘಾತದ ಮಾಹಿತಿಯನ್ನ ಸವಾರರೇ ಇಂಟರ್ನೆಟ್‌ನಲ್ಲಿ ತುಂಬಿದ್ದು, ಮತ್ತು ತಮ್ಮ ಸೈಕಲ್‌ಗೆ ಲೈಟ್ ಇದೆಯೋ ಇಲ್ವೋ ಅಂತ ಅವರಿಗೆ ಗೊತ್ತಿತ್ತು. ಅಲ್ಲಿನ ಬಿಸಿಲು ಬೇರೆ, ರೋಡು ಬೇರೆ, ಡ್ರೈವರ್‌ಗಳು ಬೇರೆ. ಹಾಗಾಗಿ ಹುಕ್ಕೇರಿ ತಾಲ್ಲೂಕಿನಲ್ಲೂ ಸರಿಯಾಗಿ ಹತ್ತೊಂಬತ್ತೇ ಬರುತ್ತೆ ಅಂತ ನಾನು ಹೇಳಲ್ಲ. ಆದರೆ ಬೇಗ ಕಂಡವನನ್ನ ತಪ್ಪಿಸೋದು ಸುಲಭ ಅನ್ನೋದು ಅಲ್ಲೂ ಇಲ್ಲೂ ಒಂದೇ.

ನಮ್ಮ ದೇಶದ ಅಂಕಿ ಒಂದೇ ಒಂದು ಹೇಳ್ತೀನಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ದಿನಕ್ಕೆ 460ಕ್ಕೂ ಹೆಚ್ಚು. ಅಂದ್ರೆ ನಮ್ಮ ದೊಡ್ಡ ಆಡಿಟೋರಿಯಂ ತುಂಬೋಷ್ಟು ಜನ, ಪ್ರತಿ ದಿನ. ಎಷ್ಟೋ ಅಪಘಾತಗಳು ಹಿಂದಿನಿಂದ ಬಂದು ಗುದ್ದಿದ ಲೆಕ್ಕದಲ್ಲೇ ಸೇರುತ್ತವೆ. ನಮ್ಮ ಬೆನ್ನಿಗೆ ಕಣ್ಣಿಲ್ಲ. ಅಲ್ಲಿ ಒಂದು ಲೈಟ್ ಇಡಬಹುದು.

‘ಸೈಕಲ್‌ಗೆ ರಿಫ್ಲೆಕ್ಟರ್ ಇರುತ್ತಲ್ಲ?’ ಅಂತ ಕೇಳಬಹುದು. ನನ್ನ ರೂಮ್‌ಮೇಟೂ ಇದನ್ನೇ ಕೇಳಿದ. ರಿಫ್ಲೆಕ್ಟರ್ ತನ್ನ ಸ್ವಂತ ಬೆಳಕು ಕೊಡಲ್ಲ. ಗಾಡಿಯ ಹೆಡ್‌ಲೈಟ್ ಬಿದ್ದರೆ ಅದನ್ನ ಬಂದ ದಿಕ್ಕಿಗೇ ವಾಪಸ್ ಕಳಿಸುತ್ತೆ. ರಾತ್ರಿ ಅದು ಬೇಕೇ ಬೇಕು, ಬ್ಯಾಟರಿ ಖಾಲಿಯಾಗೋ ಭಯ ಇಲ್ಲ. ಹಗಲಲ್ಲಿ ಅದು ಬರೀ ಒಂದು ಕೆಂಪು ಪ್ಲಾಸ್ಟಿಕ್ ತುಂಡು.

ಇನ್ನು ಬರೋ ಪ್ರಶ್ನೆ ಗಟ್ಟಿಯಾದದ್ದು. ಕ್ಲಾಸ್‌ಮೇಟ್ ಒಬ್ಬಳು ಕೇಳಿದಳು: ‘ಅಂದ್ರೆ ಗುದ್ದೋರದು ತಪ್ಪಲ್ಲ, ಗುದ್ದಿಸಿಕೊಂಡವರೇ ಲೈಟ್ ಹಾಕ್ಕೊಂಡು ಓಡಾಡಬೇಕಾ? ನಾಳೆ ಅಪಘಾತ ಆದರೆ ಇವನ ಹತ್ತಿರ ಲೈಟ್ ಇರಲಿಲ್ಲ, ಇವನದೇ ತಪ್ಪು ಅಂತಾರೆ.’ ಇದಕ್ಕೆ ನಾನು ಎರಡು ದಿನ ಯೋಚನೆ ಮಾಡಿದೆ. ಅವಳು ಹೇಳಿದ್ದು ಸರಿ. ಸ್ಪೀಡ್ ಕಮ್ಮಿ ಮಾಡಬೇಕಾದವರು ದೊಡ್ಡ ಗಾಡಿಯವರು. ರೋಡಿನ ಅಂಚಿನಲ್ಲಿ ಸೈಕಲ್‌ಗೆ ಜಾಗ ಬಿಡಬೇಕಾದವರು ರೋಡ್ ಮಾಡೋರು. ಹಾಲಿನ ಕ್ಯಾನ್ ಹೊತ್ತ ಮುದುಕಪ್ಪನಿಗೆ ಲೈಟ್ ಇಲ್ಲ ಅಂತ ದಂಡ ಹಾಕೋ ಕಾನೂನು ಬಂದರೆ ನಾನೇ ಮೊದಲು ವಿರೋಧ ಮಾಡ್ತೀನಿ. ನಮ್ಮ ಅಜ್ಜನ ಕಾಲದಲ್ಲಿ ರಾತ್ರಿ ದೀಪ ಇಲ್ಲದ ಸೈಕಲ್ ಸಿಕ್ಕರೆ ಚಕ್ರದ ಗಾಳಿ ಬಿಟ್ಟು ಕಳಿಸ್ತಿದ್ದರಂತೆ. ಆ ಕಾಲ ವಾಪಸ್ ಬರೋದು ಬೇಡ.

ಆದರೆ ಹಕ್ಕು ಬೇರೆ, ಜೀವ ಉಳಿಸಿಕೊಳ್ಳೋದು ಬೇರೆ. ಆ ದಿನ ಪಿಕಪ್ ಇನ್ನೊಂದು ಗೇಣು ಎಡಕ್ಕೆ ಬಂದಿದ್ದರೆ ತಪ್ಪು ಅವರದೇ ಅಂತ ಎಫ್‌ಐಆರ್ ಆಗ್ತಿತ್ತು. ನಮ್ಮವ್ವಗೆ ಅದರಿಂದ ಏನು ಸಮಾಧಾನ? ರೋಡ್ ಸರಿಯಾಗೋವರೆಗೂ ನಾವು ಇದೇ ರೋಡಿನಲ್ಲೇ ಹೋಗಬೇಕು. ಅಲ್ಲಿವರೆಗೆ ಲೈಟ್ ಹಚ್ಚಿಕೊಂಡು ಜಗಳ ಆಡೋಣ.

ಲೈಟ್ ಮ್ಯಾಜಿಕ್ ಅಲ್ಲ ಅನ್ನೋದೂ ಗೊತ್ತಿರಲಿ. ಮೊಬೈಲ್ ನೋಡ್ತಾ ಗಾಡಿ ಓಡಿಸೋನಿಗೆ ಮುಂದೆ ದೀಪಾವಳಿ ನಡೆದರೂ ಕಾಣಲ್ಲ. ಊರಲ್ಲಿ ತಂಗಿಯನ್ನ ಮನೆ ಮುಂದೆ ನಿಲ್ಲಿಸಿ ನಾನು ಸೈಕಲ್ ಮೇಲೆ ದೂರ ಹೋಗ್ತಾ ಎಷ್ಟನೇ ಲೈಟ್ ಕಂಬದವರೆಗೆ ಕಾಣ್ತೀನಿ ಅಂತ ಎಣಿಸೋಕೆ ಹೇಳಿದ್ದೆ. ನಡುಮಧ್ಯಾಹ್ನದ ನೇರ ಬಿಸಿಲಲ್ಲಿ ಲೈಟ್ ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಇರಲಿಲ್ಲ. ಮರದ ನೆರಳಲ್ಲಿ, ಸಂಜೆ ಐದೂವರೆ ಮೇಲೆ, ಬೆಳಗಿನ ಮಂಜಿನಲ್ಲಿ ವ್ಯತ್ಯಾಸ ದೊಡ್ಡದಿತ್ತು. ಮಳೆಗಾಲದಲ್ಲಿ ಇನ್ನೂ ಜಾಸ್ತಿ ಇರುತ್ತೆ ಅಂತ ನನ್ನ ಅಂದಾಜು. ಸೈಕಲ್ ಸವಾರನಿಗೆ ಬಿಸಿಲು ನೆರಳು ಬಂದ ಹಾಗೆಲ್ಲ ಸ್ವಿಚ್ ಒತ್ತೋಕಾಗಲ್ಲ. ಅದಕ್ಕೆ ಹತ್ತಿದ ಕೂಡಲೇ ಆನ್, ಇಳಿದ ಮೇಲೆ ಆಫ್, ಇಷ್ಟೇ ನಿಯಮ.

ಲೈಟ್ ಕಟ್ಟೋದರಲ್ಲಿ ನಾನು ಮಾಡಿದ ತಪ್ಪುಗಳನ್ನ ನೀವು ಮಾಡಬೇಡಿ. ಮೊದಲು ನಾನು ಸೀಟ್ ಕೆಳಗಿನ ಪೈಪಿಗೆ ಕಟ್ಟಿದ್ದೆ. ಕ್ಯಾರಿಯರ್ ಮೇಲೆ ಬ್ಯಾಗ್ ಇಟ್ಟ ಕೂಡಲೇ ಅದು ಮುಚ್ಚಿಹೋಯ್ತು. ಕ್ಯಾರಿಯರ್‌ನ ಹಿಂತುದಿಗೆ ಕಟ್ಟಿ. ಮುಖ ಆಕಾಶಕ್ಕೂ ಅಲ್ಲ, ನೆಲಕ್ಕೂ ಅಲ್ಲ, ನೇರ ಹಿಂದಕ್ಕೆ ಇರಲಿ. ಹಿಂದೆ ಕೆಂಪು, ಮುಂದೆ ಬಿಳಿ, ಇದನ್ನ ಅದಲುಬದಲು ಮಾಡಿದರೆ ನೀವು ಬರ್ತಿದೀರೋ ಹೋಗ್ತಿದೀರೋ ಅಂತ ಎದುರಿನವರಿಗೆ ಗೊಂದಲ. ಹಗಲಿನಲ್ಲಿ ಮಿನುಗೋ ಮೋಡ್ ಒಳ್ಳೇದು. ರಾತ್ರಿ ಮುಂದಿನ ಲೈಟ್ ಮಿನುಗಿಸಬೇಡಿ, ಎದುರಿನವರಿಗೂ ನಿಮಗೂ ಕಿರಿಕಿರಿ. ರಾತ್ರಿಗೆ ಸಾಕಾಗೋ ಸಣ್ಣ ಲೈಟ್ ಹಗಲಿಗೆ ಸಾಲಲ್ಲ, ಹಾಗಾಗಿ ತಗೊಳ್ಳುವಾಗ ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲ, ಹೊರಗೆ ಬಂದು ಬಿಸಿಲಲ್ಲಿ ಹಚ್ಚಿ ನೋಡಿ. ವಾರಕ್ಕೊಮ್ಮೆ ಧೂಳು ಒರೆಸಿ. ಮೊಬೈಲ್ ಜೊತೆ ಅದನ್ನೂ ಚಾರ್ಜ್‌ಗೆ ಹಾಕಿ.

ದುಡ್ಡಿನ ಮಾತು ಕೊನೆಗೆ ಇಟ್ಟಿದ್ದೆ. ನನ್ನ ಹಿಂದಿನ ಲೈಟ್‌ಗೆ 450 ರೂಪಾಯಿ ಆಯ್ತು. ನಮಗೆ ಅದು ಎರಡು ಸಲ ಹೊರಗೆ ತಿಂದ ದುಡ್ಡು. ದಿನಗೂಲಿಗೆ ಹೋಗೋರಿಗೆ ಅದು ಒಂದು ದಿನದ ಕೂಲಿ. ಮೇಲೆ ಚಾರ್ಜ್ ಮಾಡೋ ತಲೆನೋವು ಬೇರೆ. ಇಲ್ಲೇ ನಮ್ಮ ಕೆಲಸ ಇದೆ ಅಂತ ನನಗನ್ನಿಸೋದು.

ಓಡೆನ್ಸ್‌ನಲ್ಲಿ ಬಳಸಿದ ಲೈಟ್‌ಗಳು ಅಯಸ್ಕಾಂತದಿಂದ ಉರಿಯೋವು. ಚಕ್ರದ ಕಡ್ಡಿಗಳಿಗೆ ಅಯಸ್ಕಾಂತ, ಪಕ್ಕದಲ್ಲಿ ಸುರುಳಿ ಇರೋ ಲೈಟು. ಚಕ್ರ ತಿರುಗಿದಾಗ ಅಯಸ್ಕಾಂತ ಸುರುಳಿಯ ಮುಂದೆ ಹಾದುಹೋಗುತ್ತೆ, ಕರೆಂಟ್ ಹುಟ್ಟುತ್ತೆ, ಎಲ್‌ಇಡಿ ಮಿನುಗುತ್ತೆ. ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮ, ಅಷ್ಟೇ. ಬ್ಯಾಟರಿ ಬೇಡ, ಸ್ವಿಚ್ ಬೇಡ, ಮರೆಯೋ ಪ್ರಶ್ನೆಯೇ ಇಲ್ಲ. ಅಜ್ಜನ ಕಾಲದ ಡೈನಮೋ ಟೈರಿಗೆ ಉಜ್ಜಿಕೊಂಡು ತಿರುಗ್ತಿತ್ತು, ಹಾಕಿದರೆ ಸೈಕಲ್ ಭಾರ ಆಗ್ತಿತ್ತಂತೆ. ಇದು ಚಕ್ರವನ್ನ ಮುಟ್ಟೋದೇ ಇಲ್ಲ. ಸಾಮಾನ್ಯ ಸೈಕಲ್ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. 15 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎರಡು ಸುತ್ತು. ಎರಡು ಅಯಸ್ಕಾಂತ ಇಟ್ಟರೆ ಸೆಕೆಂಡಿಗೆ ನಾಲ್ಕು ಸಲ ಮಿನುಗುತ್ತೆ. ಸೈಕಲ್ ನಿಂತಾಗಲೂ ಸ್ವಲ್ಪ ಹೊತ್ತು ಉರಿಯಬೇಕು ಅಂದ್ರೆ ಒಂದು ಕೆಪಾಸಿಟರ್ ಸೇರಿಸಬೇಕು.

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಎಷ್ಟು ಲೈನ್ ಫಾಲೋವರ್ ರೋಬೋಟ್, ಎಷ್ಟು ಸ್ಮಾರ್ಟ್ ಡಸ್ಟ್‌ಬಿನ್ ಹುಟ್ಟುತ್ತವೆ, ಪ್ರದರ್ಶನ ಮುಗಿದ ಮೇಲೆ ಅವೆಲ್ಲ ಎಲ್ಲಿಗೆ ಹೋಗುತ್ತವೆ, ನಿಮಗೂ ಗೊತ್ತು. (ನಾನೂ ಒಂದು ಮಾಡಿದೀನಿ. ಅದು ಈಗ ನನ್ನ ಮಂಚದ ಕೆಳಗಿದೆ.) ಈ ವರ್ಷದ ಮಿನಿ ಪ್ರಾಜೆಕ್ಟ್‌ಗೆ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್‌ನವರು ಸೇರಿ ಮಳೆ, ಕೆಸರು ತಡೆಯೋ, ಹಳ್ಳಿಯ ಸೈಕಲ್ ಅಂಗಡಿಯಲ್ಲೇ ರಿಪೇರಿ ಆಗೋ ಒಂದು ಲೈಟ್ ಮಾಡೋಣ. ಎಷ್ಟು ಕಡಿಮೆ ಬೆಲೆಗೆ ಬರುತ್ತೆ ನೋಡೋಣ. ರಸ್ತೆ ಸುರಕ್ಷತೆ ಅಂತ ಜಾಥಾ ಮಾಡುವಾಗ ಬ್ಯಾನರ್ ಹಿಡಿಯೋ ಬದಲು ಹತ್ತಿರದ ಒಂದು ಹೈಸ್ಕೂಲಿನ ಸೈಕಲ್ ಸ್ಟ್ಯಾಂಡಿಗೆ ಹೋಗಿ ಅದನ್ನ ಕಟ್ಟಿಬರೋಣ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡ್ತಿತ್ತು, ಕೋವಿಡ್ ಬಂದ ಮೇಲೆ ನಿಂತುಹೋಯ್ತು. ಆ ಯೋಜನೆ ಮತ್ತೆ ಶುರುವಾದರೆ ಸೈಕಲ್ ಜೊತೆ ಇಂಥದ್ದೊಂದು ಲೈಟೂ ಬರಬೇಕು ಅಂತ ಕೇಳೋಕೆ ಆಗ ನಮ್ಮ ಕೈಯಲ್ಲಿ ತೋರಿಸೋಕೆ ಏನಾದರೂ ಇರುತ್ತೆ.

ತಂಗಿಯ ವಿಷಯ ಹೇಳಿ ಮುಗಿಸ್ತೀನಿ. ಅವಳು ಒಂಬತ್ತನೇ ಕ್ಲಾಸು. ದೊಡ್ಡಪ್ಪನ ಮಗಳು ಬಿಟ್ಟುಕೊಟ್ಟ ಹಳೇ ಸೈಕಲ್ ಮೇಲೆ ಅದೇ ಟ್ರ್ಯಾಕ್ಟರ್‌ಗಳ ಮಧ್ಯೆ ದಿನಾ ಸ್ಕೂಲಿಗೆ ಹೋಗ್ತಾಳೆ. ನಾನು ಬಿದ್ದು ಬಂದ ವಾರವೇ ಅವಳ ಸೈಕಲ್‌ಗೂ ಒಂದು ಲೈಟ್ ಕಟ್ಟಿದೆ. ಅವಳಿಗೆ ಇಷ್ಟ ಇರಲಿಲ್ಲ, ಗೆಳತಿಯರು ನಗ್ತಾರೆ ಅಂತ. ಮೊದಲ ದಿನ ಸಂಜೆ ಮುಖ ಊದಿಸಿಕೊಂಡು ಬಂದಳು.

‘ಅಣ್ಣಾ, ಇವತ್ತ ನಾಕ್ ಮಂದಿ ನಿಂದರಿಸಿ ಹೇಳಿದ್ರು, ಏ ಹುಡುಗಿ ನಿನ್ನ ಲೈಟ್ ಹತ್ತೈತಿ ಅಂತ. ಒಬ್ಬ ಟ್ರ್ಯಾಕ್ಟರ್‌ನಾವನೂ ಹಾಡ ಬಂದ್ ಮಾಡಿ ಹೇಳಿದ.’

‘ಅಂದ್ರ ನಾಕ್ ಮಂದಿಗೆ ನೀ ಕಂಡಿ’ ಅಂದೆ.

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು, ಆಮೇಲೆ ಒಳಗೆ ಹೋಗಿ ಲೈಟ್ ಚಾರ್ಜ್‌ಗೆ ಹಾಕಿದಳು. ಈಗಲೂ ಹಚ್ಚಿಕೊಂಡೇ ಹೋಗ್ತಾಳೆ.

ಹಾಗಾಗಿ ಕ್ಯಾಂಪಸ್‌ನಲ್ಲಿ ನನ್ನ ಆಂಬುಲೆನ್ಸ್ ಎದುರಾದರೆ ‘ಬ್ರೋ, ಲೈಟ್ ಆನ್ ಇದೆ’ ಅಂತ ಧಾರಾಳವಾಗಿ ಹೇಳಿ, ಬೇಜಾರಿಲ್ಲ. ಹೇಳಿದ ಮೇಲೆ ನಿಮ್ಮ ಸೈಕಲ್‌ಗೂ ಒಂದು ಕಟ್ಟಿಸಿ. ಸ್ಕ್ರೂಡ್ರೈವರ್ ನನ್ನ ರೂಮಿನಲ್ಲಿದೆ.